ಇಡ್ಲಿ ತಟ್ಟೆಯಲ್ಲಿ ಬ್ರೇಕು

ನಮ್ಮ ದೊಡ್ಡಪ್ಪನನ್ನು ಇಡೀ ಜಯನಗರ ನಂಬುತ್ತಿತ್ತು. ಊರಿಗೆ ಹೊರಟವರು ಮನೆಯ ಬೀಗದ ಕೈಯನ್ನು ಅವರಿಗೆ ಕೊಟ್ಟು ಹೋಗುತ್ತಿದ್ದರು. ಕಾಂಪೌಂಡ್ ಗೋಡೆಗಾಗಿ ಕಿತ್ತಾಡಿದವರು ನ್ಯಾಯಕ್ಕೆ ಅವರ ಜಗಲಿಗೇ ಬರುತ್ತಿದ್ದರು. ಅವರು ಮಾತ್ರ ಜಯನಗರದಲ್ಲಿ ಒಬ್ಬರನ್ನೂ ನಂಬುತ್ತಿರಲಿಲ್ಲ! ಮನುಷ್ಯರ ಮಾತು ಹಾಗಿರಲಿ, ಅವರು ಕ್ಯಾಲೆಂಡರನ್ನೇ ನಂಬುತ್ತಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಬೇರೆ ಬೇರೆ ಅಂಗಡಿಯವರು ಕೊಟ್ಟ ಕ್ಯಾಲೆಂಡರುಗಳು ಸಾಲಾಗಿ ನೇತಾಡುತ್ತಿದ್ದವು. ಅಮಾವಾಸ್ಯೆ ಯಾವತ್ತು ಎಂದು ದೊಡ್ಡಮ್ಮ ಕೇಳಿದರೆ ದೊಡ್ಡಪ್ಪ ಒಂದೊಂದನ್ನೂ ನೋಡಿಕೊಂಡು ಬರುತ್ತಿದ್ದರು. ಎಲ್ಲವೂ ಒಂದೇ ದಿನ ಹೇಳಿದರೆ ಸಮಾಧಾನ ಆಗಬೇಕಲ್ಲವೇ? "ಎಲ್ಲಾ ಒಂದೇ ಕಡೆ ಅಚ್ಚು ಹಾಕ್ಸಿರ್ತಾರೆ" ಎಂದು ಗೊಣಗುತ್ತಿದ್ದರು.

ಇದರಲ್ಲಿ ಅವರ ತಪ್ಪೂ ಪೂರ್ತಿ ಇರಲಿಲ್ಲ ಅನ್ನಿ. ಅವರು ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ತಯಾರಿಸಿದ ಸಾಮಾನನ್ನು ಕೈಯಲ್ಲಿ ಹಿಡಿದು, ಅಳತೆ ನೋಡಿ, ಇದು ಸರಿಯಿಲ್ಲ ಎನ್ನುವುದೇ ಅವರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಅನುಮಾನ ಪಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಮನುಷ್ಯ, ಮನೆಗೆ ಬಂದ ತಕ್ಷಣ ಅದನ್ನು ಅಂಗಿಯ ಜೊತೆ ಗೂಟಕ್ಕೆ ನೇತುಹಾಕಲು ಆಗುತ್ತದೆಯೇ?

ನಾನು ಬಸವನಗುಡಿಯ ಒಂದು ಶಾಲೆಯಲ್ಲಿ ಟೀಚರಾಗಿ ಸೇರಿದ ಹೊಸದರಲ್ಲಿ ಅವರ ಮನೆಯಲ್ಲೇ ಇದ್ದೆ. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನನ್ನ ಮೇಲೆ ಪ್ರೀತಿ ಜಾಸ್ತಿ. ದೊಡ್ಡಪ್ಪನಿಗೂ ಪ್ರೀತಿಯೇ, ಆದರೆ ನಾನು ಮನೆಗೆ ಬರುವುದು ಸ್ವಲ್ಪ ತಡವಾದರೆ, ಬಂದ ಬಸ್ಸಿನ ನಂಬರು ಕೇಳಿ, ಮಾರನೆಯ ದಿನ ಆ ನಂಬರಿನ ಬಸ್ಸು ನಿಜವಾಗಿಯೂ ಆ ದಾರಿಯಲ್ಲಿ ಓಡಾಡುತ್ತದೆಯೇ ಎಂದು ಸೌತ್ ಎಂಡ್ ಸರ್ಕಲಿನಲ್ಲಿ ನಿಂತು ನೋಡಿಕೊಂಡು ಬರುತ್ತಿದ್ದರು.

ಆಗೆಲ್ಲ ಹಾಲಿನವನು ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರಿಗೆ ಕರೆದುಕೊಡುತ್ತಿದ್ದ. ಕರೆಯುವ ಮೊದಲು ಪಾತ್ರೆಯನ್ನು ಬೋರಲು ಹಾಕಿ, ಒಳಗೆ ನೀರಿಲ್ಲ ಎಂದು ತೋರಿಸಬೇಕು. ಎಲ್ಲರ ಮನೆಯಲ್ಲೂ ಇಷ್ಟಕ್ಕೇ ಮುಗಿಯುತ್ತಿತ್ತು. ದೊಡ್ಡಪ್ಪ ಅವನ ಅಂಗಿಯ ತೋಳನ್ನೂ ಮಡಿಚಿಸುತ್ತಿದ್ದರು. ತೋಳಿನೊಳಗೆ ನೀರಿನ ಕೊಳವೆ ಇಟ್ಟುಕೊಂಡಿರುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಬೇಸತ್ತ ಹಾಲಿನವನು ಒಂದು ದಿನ ಅಂಗಿಯನ್ನೇ ಬಿಟ್ಟು ಬಂದ. ಮಾಗಿಯ ಚಳಿ, ಪಾಪ, ನಡುಗುತ್ತಾ ಹಾಲು ಕರೆದ. ದೊಡ್ಡಪ್ಪ ಒಳಗೆ ಬಂದು ಮೆಲ್ಲಗೆ ಅಂದರು, "ಇಷ್ಟು ಚಳೀಲಿ ಅಂಗಿ ಬಿಚ್ಕೊಂಡು ಬಂದಿದಾನೆ ಅಂದ್ರೆ, ಹಸೂನೇ ಬದಲಾಯ್ಸಿದಾನೆ."

ಬೀಗದ ಕತೆ ಇನ್ನೂ ಸೊಗಸು. ಮನೆಗೆ ಬೀಗ ಹಾಕಿದ ಮೇಲೆ ಎಳೆದು ನೋಡುವುದು ಎಲ್ಲರೂ ಮಾಡುತ್ತಾರೆ. ದೊಡ್ಡಪ್ಪ ಬೀದಿಯ ಕೊನೆಯವರೆಗೆ ಹೋಗಿ, ಹಿಂದಿರುಗಿ ಬಂದು ಮತ್ತೆ ಎಳೆಯುತ್ತಿದ್ದರು. ಒಂದು ಸಲ ನಾವೆಲ್ಲ ಗವಿಪುರದ ದೇವಸ್ಥಾನಕ್ಕೆ ಹೊರಟಿದ್ದಾಗ ಹೀಗೆಯೇ ಹಿಂದಿರುಗಿ ಹೋದವರು ಬೀಗವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. "ನಾನು ಎಳೆದು ಎಳೆದು ನೋಡಿದ್ದನ್ನ ಯಾರಾದ್ರೂ ನೋಡಿದ್ರೆ, ಒಳಗೆ ಏನೋ ಗಂಟಿದೆ ಅಂದ್ಕೊಳ್ತಾರೆ. ಬೀಗ ಇಲ್ದಿದ್ರೆ ಏನೂ ಇಲ್ಲ ಅಂತ ಗೊತ್ತಾಗುತ್ತೆ" ಎಂದರು. ಆ ದಿನ ದೊಡ್ಡಮ್ಮ ದೇವರ ಮುಂದೆ ಕಣ್ಣು ಮುಚ್ಚಿ ನಿಂತಷ್ಟು ಹೊತ್ತೂ ಬೇಡಿಕೊಂಡಿದ್ದು ಮನೆಯ ಪಾತ್ರೆಗಳ ಸಲುವಾಗಿ.

ಇಂಥವರಿಗೆ ಒಂದು ಕಾರು ಬಂತು.

ದೊಡ್ಡಮ್ಮನ ತವರು ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆ. ಅಲ್ಲಿ ಅವರ ತಮ್ಮ, ಅಂದರೆ ನನ್ನ ಸೋದರಮಾವ, ದ್ರಾಕ್ಷಿ ತೋಟ ಮಾಡಿಕೊಂಡಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ದೊಡ್ಡಮ್ಮನೇ. ಮಾವ ದಂಡಿನ (ಕಂಟೋನ್ಮೆಂಟ್) ಕಡೆಯ ಒಬ್ಬ ಇಂಗ್ಲಿಷ್ ದೊರೆಯಿಂದ ಹಳೆಯದೊಂದು ಕಪ್ಪು ಕಾರು ಕೊಂಡು, ಅದರ ಹಿಂದಿನ ಸೀಟಿನಲ್ಲಿ ದ್ರಾಕ್ಷಿಯ ಮಂಕರಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆಮೇಲೆ ಒಂದು ವ್ಯಾನು ಬಂದಿದ್ದರಿಂದ ಕಾರನ್ನು ಭಾವನಿಗೆ ಕೊಟ್ಟರು. ಕೊಟ್ಟ ಬೆಲೆ ಎಷ್ಟು ಕಡಿಮೆಯೆಂದರೆ, ದೊಡ್ಡಪ್ಪನಿಗೆ ನಿದ್ದೆ ಹತ್ತಲಿಲ್ಲ.

"ಇಷ್ಟು ಕಡಿಮೆಗೆ ಯಾಕೆ ಕೊಟ್ಟ?"

"ಅಕ್ಕ ಭಾವ ಓಡಾಡ್ಲಿ ಅಂತ ಕೊಟ್ಟ. ಇನ್ಯಾಕೆ?" ಎಂದರು ದೊಡ್ಡಮ್ಮ.

"ಅಷ್ಟೇ ಆಗಿದ್ರೆ ಪುಕ್ಕಟೆ ಕೊಡ್ತಿದ್ದ. ದುಡ್ಡು ಇಸ್ಕೊಂಡಿದಾನೆ, ಅದೂ ಕಡಿಮೆ. ಇದರಲ್ಲಿ ಏನೋ ಇದೆ."

ಕಾರು ಬಂದ ಮೊದಲನೆಯ ಭಾನುವಾರ ಪೂರ್ತಿ ಅವರು ಅದರ ಕೆಳಗೇ ಕಳೆದರು. ಏನು ಮಾಡಿದರೋ ನಮಗೆ ತಿಳಿಯದು. ಊಟಕ್ಕೆ ಕರೆದರೆ ಕಾರಿನ ಕೆಳಗಿನಿಂದ ಒಂದು ಕಾಲು ಅಲ್ಲಾಡುತ್ತಿತ್ತು. ಅದು ಬರುತ್ತೇನೆ ಎಂದೋ ಬರುವುದಿಲ್ಲ ಎಂದೋ ಗೊತ್ತಾಗದೆ ದೊಡ್ಡಮ್ಮ ಎರಡು ಸಲ ಸಾರು ಬಿಸಿ ಮಾಡಿದರು.

ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಒಂದು ಬೆಳಿಗ್ಗೆ ದೊಡ್ಡಪ್ಪ ಒಬ್ಬರೇ ಅಶೋಕ ಸ್ತಂಭದಿಂದ ಸಿದ್ದಾಪುರದ ಕಡೆಗೆ ಇಳಿಯುತ್ತಿದ್ದಾಗ ಬ್ರೇಕು ತುಳಿದರೆ ಕಾಲು ಮೆತ್ತಗೆ ಹಲಗೆಯವರೆಗೂ ಹೋಯಿತು, ಕಾರು ಮಾತ್ರ ನಿಲ್ಲಲಿಲ್ಲ. ಪುಣ್ಯಕ್ಕೆ ಮುಂದೆ ಒಂದು ಹುಲ್ಲಿನ ಗಾಡಿ ಹೋಗುತ್ತಿತ್ತು. ಕಾರು ಅದರ ಹಿಂಭಾಗಕ್ಕೆ ಕಿಟಕಿಯವರೆಗೂ ಹೊಕ್ಕು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗಾಡಿಯವನು ಇಳಿದು ಬಂದು, ಹುಲ್ಲನ್ನು ಸರಿಸಿ, ಒಳಗೆ ಕೂತಿದ್ದ ದೊಡ್ಡಪ್ಪನನ್ನು ನೋಡಿ, "ಹುಲ್ಲು ಬೇಕಿದ್ರೆ ಕೇಳಿ ತಗೊಬೋದಾಗಿತ್ತಲ್ಲ ಸ್ವಾಮಿ" ಅಂದನಂತೆ.

ಸುದ್ದಿ ತಿಳಿದು ಮಾರನೆಯ ದಿನವೇ ಮಾವ ಗೊಟ್ಟಿಗೆರೆಯಿಂದ ಓಡಿ ಬಂದರು. ಅಂಗಳದಲ್ಲಿ ನಿಂತಿದ್ದ ಕಾರನ್ನು ನೋಡಿಕೊಂಡು ಒಳಗೆ ಬಂದು ಕೂತರು. ದೊಡ್ಡಮ್ಮ ಕಾಫಿ ತಂದು ಮುಂದಿಟ್ಟು ಅಲ್ಲೇ ಬಾಗಿಲ ಹತ್ತಿರ ನಿಂತರು. ದೊಡ್ಡಪ್ಪನ ವಿಚಾರಣೆ ಶುರುವಾಯಿತು.

"ಬ್ರೇಕು ಹೇಗಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ. ಒಳಗಡೆ ಎಲ್ಲಾ ಹೊಸದು ಹಾಕ್ಸೇ ಕೊಟ್ಟಿದ್ದು."

"ಹೊಸದು ಹಾಕ್ಸಿದೆ ಅಂದ್ರೆ ಹಳೇದು ಕೆಟ್ಟಿತ್ತು ಅಂತ ಆಯ್ತಲ್ಲ. ಕೆಟ್ಟ ಗಾಡೀನ ನನ್ನ ತಲೆಗೆ ಕಟ್ಟಿದೆ. ಹಾಕ್ಸಿದ್ದು ನಿಜವೇ ಆದ್ರೆ ಇಷ್ಟು ಬೇಗ ಹೇಗೆ ಹೋಯ್ತು? ಹೇಳು."

ಮಾವ ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಒಮ್ಮೆ ನೋಡಿದರು. ಬಾಯಿ ಮುಚ್ಚಿಕೊಂಡರು. "ಏನೋ ಆಗಿರ್ಬೇಕು ಭಾವ" ಎಂದವರೇ ಕಾಫಿ ಮುಟ್ಟದೆ ಎದ್ದು ಹೋದರು.

ದೊಡ್ಡಪ್ಪನಿಗೆ ಇನ್ನೇನು ಬೇಕಿತ್ತು? "ನೋಡಿದ್ಯಾ, ಉತ್ತರ ಇಲ್ಲ" ಎಂದರು. ನಿಜ ಹೇಳಬೇಕೆಂದರೆ ಆ ಮೌನ ನನ್ನ ಮನಸ್ಸಿನಲ್ಲೂ ಒಂದು ಹುಳ ಬಿಟ್ಟಿತು. ಮಾವನದು ತಪ್ಪಿಲ್ಲದಿದ್ದರೆ ಯಾಕೆ ಹಾಗೆ ಎದ್ದು ಹೋಗಬೇಕು? ದೊಡ್ಡಮ್ಮ ಆರಿದ ಕಾಫಿಯನ್ನು ತೆಗೆದುಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿ, ಬಹಳ ಹೊತ್ತು ಅಲ್ಲೇ ನಿಂತಿದ್ದರು. ಅವರಿಗೂ ಅನುಮಾನ ಬಂದಿದೆಯೆಂದು ಆಗ ನನಗೆ ಗೊತ್ತಾಯಿತು. ತಾನು ಎತ್ತಿ ಆಡಿಸಿದ ತಮ್ಮನ ಮೇಲೆ ಅನುಮಾನ ಬರುವುದಕ್ಕಿಂತ ಆ ಕಾರು ತನ್ನ ಮೇಲೇ ಹತ್ತಿದ್ದರೆ ಅವರಿಗೆ ಕಡಿಮೆ ನೋವಾಗುತ್ತಿತ್ತೇನೋ.

ಅಲ್ಲಿಂದ ಮುಂದೆ ಕಾರು ಟಾರ್ಪಾಲಿನ್ ಹೊದ್ದುಕೊಂಡು ಅಂಗಳದಲ್ಲೇ ನಿಂತಿತು. ದೊಡ್ಡಮ್ಮ ತವರಿಗೆ ಹೋಗುವುದು ನಿಂತಿತು. ಗೊಟ್ಟಿಗೆರೆ ಏನು ಕಾಶಿಯೇ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದಷ್ಟು ದೂರ! ಗೌರಿ ಹಬ್ಬದ ಬಾಗಿನ ಮಾತ್ರ ತಪ್ಪದೆ ಬರುತ್ತಿತ್ತು. ಅದನ್ನು ಮಾವ ತಾವು ತರದೆ, ನನ್ನ ತಾಯಿಯ ಕೈಯಲ್ಲಿ ಕಳಿಸುತ್ತಿದ್ದರು. ಸೀರೆಯನ್ನು ದೊಡ್ಡಮ್ಮ ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಡುತ್ತಿದ್ದರು, ಉಡುತ್ತಿರಲಿಲ್ಲ.

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಮಾವ ಕುಂಕುಮದ ಬಟ್ಟಲು ಹಿಡಿದುಕೊಂಡು ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ. ಗೊಟ್ಟಿಗೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದರು. ನಮ್ಮ ಕಡೆ ಹೊಸ ಮನೆಯಲ್ಲಿ ಮೊದಲು ಹಾಲುಕ್ಕಿಸುವುದು ಮನೆಯ ಹೆಣ್ಣುಮಗಳು.

"ನೀನು ಬಂದು ಹಾಲು ಉಕ್ಸಿದ್ರೇನೆ ನಾನು ಒಳಗೆ ಕಾಲಿಡೋದು ಅಕ್ಕ" ಎಂದು ದೊಡ್ಡಮ್ಮನಿಗೆ ಕುಂಕುಮ ಕೊಟ್ಟು, ದೊಡ್ಡಪ್ಪನಿಗೆ ಕೈ ಮುಗಿದು, ನಿಲ್ಲದೆ ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ತಮ್ಮ ತೀರ್ಪು ಹೇಳಿದರು. "ಆ ಬ್ರೇಕನ್ನ ಬಿಚ್ಚಿ ನೋಡ್ತೀನಿ. ಅವನು ಹೊಸದು ಹಾಕ್ಸಿದ್ದು ನಿಜವೇ ಆಗಿದ್ರೆ, ಅದನ್ನ ರಿಪೇರಿ ಮಾಡಿ ಅದೇ ಕಾರಲ್ಲಿ ಕೂತು ಗೃಹಪ್ರವೇಶಕ್ಕೆ ಹೋಗೋಣ. ಹಳೇದೇ ಇದ್ರೆ ಹೋಗೋದು ಬೇಡ."

ದೊಡ್ಡಮ್ಮನ ಕೈ ತುತ್ತಿನ ಮೇಲೆ ಹಾಗೇ ನಿಂತಿತು. ಅವರ ತವರಿನ ದಾರಿ ಈಗ ಒಂದು ಕಾರಿನ ಚಕ್ರದೊಳಗೆ ಸಿಕ್ಕಿಕೊಂಡಿತ್ತು.

ರಿಪೇರಿಯನ್ನು ಮೆಕ್ಯಾನಿಕ್ಕಿಗೆ ಕೊಡಬಾರದೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಬಿಚ್ಚುವಾಗ ಒಳ್ಳೇದು ತೆಗೆದಿಟ್ಕೊಂಡು ಹಳೇದು ಹಾಕ್ತಾರೆ" ಎಂದರು ದೊಡ್ಡಪ್ಪ. ಹಿಂದೊಮ್ಮೆ ತಮ್ಮ ಸೈಕಲ್ಲನ್ನು ರಿಪೇರಿಗೆ ಕೊಡುವಾಗ ಪ್ರತಿಯೊಂದು ಭಾಗಕ್ಕೂ ಮೊಳೆಯಿಂದ ಗುಟ್ಟಾಗಿ ಒಂದು ಗೀರು ಹಾಕಿ ಕಳಿಸಿದ್ದರು. ವಾಪಸು ಬಂದಾಗ ಎಲ್ಲಾ ಭಾಗದ ಮೇಲೂ ಗೀರು ಇತ್ತು. ಸಂತೋಷಪಟ್ಟರೇ? "ನಾನು ಗೀರು ಹಾಕಿದ್ದನ್ನ ನೋಡಿ, ಬೇರೆದಕ್ಕೆ ಅದೇ ಥರ ಗೀರು ಹಾಕಿದಾನೆ, ಕಿಲಾಡಿ" ಎಂದಿದ್ದರು. ಇಂಥವರ ಕಾರನ್ನು ಯಾವ ಮೆಕ್ಯಾನಿಕ್ಕು ಮುಟ್ಟುತ್ತಾನೆ?

ಹಾಗಾಗಿ ಕೆಲಸ ನಮ್ಮ ಅಂಗಳದಲ್ಲೇ ಶುರುವಾಯಿತು. ನನ್ನಂಥ ಕಾರು ಗೊತ್ತಿಲ್ಲದವರಿಗೆ ದೊಡ್ಡಪ್ಪ ವಿವರಿಸಿದ್ದು ಇಷ್ಟು. ಬ್ರೇಕು ತುಳಿದರೆ ಒಳಗಿನ ಎಣ್ಣೆ ಸಣ್ಣ ಕೊಳವೆಗಳಲ್ಲಿ ನಾಲ್ಕು ಚಕ್ರಕ್ಕೂ ಓಡುತ್ತದೆ. ಪ್ರತಿ ಚಕ್ರದಲ್ಲೂ ಹೆಬ್ಬೆಟ್ಟಿನ ಗಾತ್ರದ ಒಂದು ಸಿಲಿಂಡರು, ಅದರೊಳಗೆ ರಬ್ಬರಿನ ಪುಟ್ಟ ಬಟ್ಟಲುಗಳು. ಎಣ್ಣೆ ಆ ಬಟ್ಟಲನ್ನು ತಳ್ಳುತ್ತದೆ, ಅದು ಬ್ರೇಕನ್ನು ತಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಬಟ್ಟಲು ಕೆಟ್ಟರೆ ಹುಲ್ಲಿನ ಗಾಡಿಯೇ ಗತಿ.

ಬಿಚ್ಚಿದ ಸಾಮಾನು ಒಂದಕ್ಕೊಂದು ಬೆರೆಯಬಾರದಲ್ಲ? ದೊಡ್ಡಪ್ಪ ಅಡಿಗೆ ಮನೆಗೆ ಹೋಗಿ ಇಡ್ಲಿ ತಟ್ಟೆಗಳನ್ನು ಎತ್ತಿಕೊಂಡು ಬಂದರು. ಒಂದೊಂದು ಚಕ್ರಕ್ಕೆ ಒಂದೊಂದು ತಟ್ಟೆ, ಒಂದೊಂದು ಕುಳಿಗೆ ಒಂದೊಂದು ಸಾಮಾನು! ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿ, "ಇನ್ಮೇಲೆ ಈ ಮನೇಲಿ ಇಡ್ಲಿ ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಎದುರು ಮನೆಯ ಯಜಮಾನರು ಬೇಲಿಯ ಮೇಲಿಂದ ಇಣುಕಿ, "ಏನ್ಸಾರ್, ತಿಂಡಿ ಆಯ್ತಾ?" ಎಂದು ಕೇಳಿದರು. ಅವರು ನಿಜವಾಗಿ ಕೇಳಿದರೋ ಹಾಸ್ಯ ಮಾಡಿದರೋ ಎಂದು ದೊಡ್ಡಪ್ಪ ಮಧ್ಯಾಹ್ನದವರೆಗೂ ಯೋಚಿಸಿದರು.

ಮೊದಲನೆಯ ಚಕ್ರ ಬಿಚ್ಚಿದಾಗ ನಾನೂ ದೊಡ್ಡಮ್ಮನೂ ಪಕ್ಕದಲ್ಲೇ ಇದ್ದೆವು. ಸಿಲಿಂಡರಿನಿಂದ ದೊಡ್ಡಪ್ಪ ರಬ್ಬರ್ ಬಟ್ಟಲನ್ನು ಕಡ್ಡಿಯಿಂದ ಮೀಟಿ ತೆಗೆದರು. ಅದು ನೆನೆಸಿದ ವಡೆಯ ಹಾಗೆ ಊದಿಕೊಂಡಿತ್ತು. ಅದನ್ನು ಬೆರಳಲ್ಲಿ ಅದುಮಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಸಿಲಿಂಡರಿನೊಳಗೆ ಬಟ್ಟೆ ತೂರಿಸಿ ಒರೆಸಿ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಏನ್ರೀ? ಹೊಸದಾ, ಹಳೇದಾ?" ದೊಡ್ಡಮ್ಮ ಬಗ್ಗಿ ಕೇಳಿದರು.

"ನೋಡ್ಬೇಕು" ಎಂದರು ದೊಡ್ಡಪ್ಪ.

ಎರಡನೆಯ ಚಕ್ರಕ್ಕೂ ನೋಡ್ಬೇಕು. ಮೂರನೆಯದಕ್ಕೂ ನೋಡ್ಬೇಕು. ಹುಲ್ಲುಕಡ್ಡಿ ಅಲುಗಿದರೂ ಸಂಚು ಕಾಣುತ್ತಿದ್ದ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಊಟಕ್ಕೆ ಕೂತರೆ ತಲೆಯೆತ್ತುತ್ತಿರಲಿಲ್ಲ. ಹಾಲಿನವನ ತೋಳನ್ನು ನೋಡುವುದನ್ನೂ ಬಿಟ್ಟರು! ಹಾಲಿನವನೇ ಗಾಬರಿಯಾಗಿ, "ಯಜಮಾನ್ರಿಗೆ ಮೈ ಸರಿಯಿಲ್ವೇನವ್ವ?" ಎಂದು ಕೇಳಿದ. ಅಷ್ಟು ವರ್ಷ ಎಲ್ಲರ ಮೇಲೆ ಅವರು ಅನುಮಾನ ಪಟ್ಟಿದ್ದರು. ಈಗ ನಾವಿಬ್ಬರೂ ಅವರ ಮೇಲೆ ಅನುಮಾನ ಪಡತೊಡಗಿದೆವು.

ಅದಕ್ಕೆ ಸರಿಯಾಗಿ ಅವರ ಕೋಣೆಯ ಕಿಟಕಿಯಲ್ಲಿ ಅಡಿಗೆ ಮನೆಯ ಎರಡು ಬಟ್ಟಲು ಕಾಣಿಸಿಕೊಂಡವು. ಕಾರಿನ ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹೋಗಿ ಹೊಸ ರಬ್ಬರುಗಳನ್ನು ತಂದಿದ್ದರು. ಅದರಲ್ಲಿ ಎರಡನ್ನು ತೆಗೆದು ಒಂದೊಂದು ಬಟ್ಟಲಿನ ಎಣ್ಣೆಯಲ್ಲಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ, ಬೆಳಿಗ್ಗೆ ಸಂಜೆ ತೆರೆದು ನೋಡುತ್ತಿದ್ದರು. ಯಾರೂ ಮುಟ್ಟಬಾರದು ಎಂದು ಅಪ್ಪಣೆ ಬೇರೆ.

ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. "ಎಣ್ಣೇಲಿ ಕಪ್ಪಗೆ ಗುಂಡಗೆ ಏನೋ ಮುಳುಗ್ಸಿ ಮುಚ್ಚಿಟ್ಟಿದಾರೆ. ಹೊತ್ತು ಹೊತ್ತಿಗೆ ಹೋಗಿ ನೋಡ್ತಾರೆ. ನನ್ನ ತಮ್ಮನಿಗೆ ಏನಾದ್ರೂ ಮಾಡಿಸ್ತಾ ಇದಾರಾ?"

"ದೊಡ್ಡಪ್ಪ ಮಾಟ ಮಂತ್ರ ನಂಬ್ತಾರಾ ದೊಡ್ಡಮ್ಮ?"

"ಅವ್ರು ಏನನ್ನೂ ನಂಬಲ್ಲ, ಅದು ನಿಜ" ಎಂದು ಸ್ವಲ್ಪ ಸಮಾಧಾನ ಮಾಡಿಕೊಂಡರು. ಆದರೂ ಅದೇ ಸಂಜೆ ಕಿಟಕಿಯ ಹೊರಗಡೆ ಒಂದು ಚಿಟಿಕೆ ವಿಭೂತಿ ಬಿದ್ದಿದ್ದನ್ನು ನಾನು ನೋಡಿದೆ. ದೊಡ್ಡಪ್ಪನೂ ನೋಡಿದರು. ಹಲ್ಲಿ ಸುಣ್ಣ ಕೆದರಿದೆ ಎಂದುಕೊಂಡರು, ಪುಣ್ಯ.

ಗೃಹಪ್ರವೇಶದ ಹಿಂದಿನ ದಿನ ಬಂತು. ದೊಡ್ಡಪ್ಪ ಸಿಲಿಂಡರುಗಳಿಗೆ ಹೊಸ ರಬ್ಬರು ಹಾಕಿ, ಎಲ್ಲವನ್ನೂ ಇಡ್ಲಿ ತಟ್ಟೆಯಿಂದ ಚಕ್ರಕ್ಕೆ ಸಾಗಿಸಿ ಜೋಡಿಸಿದ್ದರು. ತೀರ್ಪು ಮಾತ್ರ ಇನ್ನೂ ಹೊರಬಿದ್ದಿರಲಿಲ್ಲ. ಉಳಿದಿದ್ದು ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ. ಇದನ್ನು ಒಬ್ಬರೇ ಸರಿಯಾಗಿ ಮಾಡಲು ಆಗುವುದಿಲ್ಲ. ಒಬ್ಬರು ಒಳಗೆ ಕೂತು ಬ್ರೇಕು ತುಳಿದು ಹಿಡಿದಿರಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ಒಂದು ತಿರುಪನ್ನು ಸಡಿಲಿಸಿ ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲು ಒಳಗಿನವರು ಕಾಲು ಎತ್ತಿದರೆ ಹೊರಗಿನ ಗಾಳಿಯೆಲ್ಲಾ ಒಳಗೆ ನುಗ್ಗಿ ಕೆಲಸ ಮೊದಲಿನಿಂದ. ಮಲಗಿದವರಿಗೆ ಒಳಗಿನವರ ಕಾಲು ಕಾಣುವುದಿಲ್ಲ. ಮಾತನ್ನು ನಂಬಬೇಕು. ನಂಬಬೇಕು! ನಮ್ಮ ದೊಡ್ಡಪ್ಪ!

ಮೊದಲು ನಾನು ಕೂತೆ. "ತುಳಿ" ಎಂದರು. ತುಳಿದೆ. "ಹಿಡಿದಿದೀಯಾ?" "ಹಿಡಿದಿದೀನಿ ದೊಡ್ಡಪ್ಪ." "ನಿಜವಾಗ್ಲೂ?" "ನಿಜವಾಗ್ಲೂ." ಎದ್ದು ಬಂದು ಕಿಟಕಿಯಲ್ಲಿ ಇಣುಕಿ ನನ್ನ ಕಾಲು ನೋಡಿದರು. ಅವರು ವಾಪಸು ಹೋಗಿ ಮಲಗುವಷ್ಟರಲ್ಲಿ ಮತ್ತೆ ಅನುಮಾನ. ಇಣುಕಿ ಮಲಗಿ ಇಣುಕಿ ಮಲಗಿ ಅವರ ಸೊಂಟ ಹಿಡಿದುಕೊಂಡಿತು. "ನಿಂದು ಅವಸರದ ಕಾಲು" ಎಂದು ನನ್ನನ್ನು ಇಳಿಸಿದರು. ಎದುರು ಮನೆಯ ಯಜಮಾನರು ತಾವಾಗಿಯೇ ಬಂದು ಕೂತರು. ಅವರಿಗೆ ಡ್ರೈವರ್ ಸೀಟಿನಲ್ಲಿ ಕೂತಿದ್ದೇ ಸಂಭ್ರಮ. ಬ್ರೇಕಿಗಿಂತ ಹೆಚ್ಚಾಗಿ ಹಾರನ್ ಒತ್ತಿದರು. ಮೂರನೆಯ ಸಲ ಹಾರನ್ ಕೂಗಿದಾಗ ದೊಡ್ಡಪ್ಪನ ತಲೆ ಮಡ್‌ಗಾರ್ಡಿಗೆ ಬಡಿಯಿತು. ಅವರನ್ನೂ ಕಳಿಸಿದ್ದಾಯಿತು.

ಇನ್ನು ಮನೆಯಲ್ಲಿ ಉಳಿದಿದ್ದವರು ಒಬ್ಬರೇ.

"ನಾನಾ?" ದೊಡ್ಡಮ್ಮ ಹಿಂದಕ್ಕೆ ಸರಿದರು. "ಆಯುಧಪೂಜೇಲಿ ಕುಂಕುಮ ಇಟ್ಟು ಪೂಜೆ ಮಾಡಿರೋ ಗಾಡೀನ ಕಾಲಲ್ಲಿ ತುಳಿಯೋದಾ? ಅದೂ ನೀವು ಕೆಳಗೆ ಮಲ್ಗಿರುವಾಗ ನಾನು ಮೇಲೆ ಕೂತ್ಕೊಂಡು? ನೋಡ್ದೋರು ಏನಂದಾರು?"

"ನಾಳೆ ತವರಿಗೆ ಹೋಗ್ಬೇಕೋ ಬೇಡ್ವೋ?"

ದೊಡ್ಡಮ್ಮ ಕಾಲು ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಬ್ರೇಕಿನ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಸೀಟಿನಲ್ಲಿ ಕೂತರು. ಬೀದಿಗೆ ಕೇಳುವಂತೆ ಕೂಗಿ ಉತ್ತರ ಕೊಡಲು ಸಂಕೋಚ. ಬರೀ "ಹೂಂ" ಎನ್ನುತ್ತೇನೆ ಎಂದರು.

"ತುಳಿ."

"ಹೂಂ."

"ಬಿಡು."

"ಹೂಂ."

ಹೊಲಿಗೆ ಮಿಷನ್ ತುಳಿದು ಪಳಗಿದ ಕಾಲು. ಒಂದು ಸಲವೂ ತಪ್ಪಲಿಲ್ಲ. ಹಿಂದಿನ ಎರಡು ಚಕ್ರ ಮುಗಿಯಿತು, ಮುಂದಿನ ಎಡಗಡೆಯದೂ ಮುಗಿಯಿತು. ಗಂಡನ ಮಾತಿಗೆ ದೊಡ್ಡಮ್ಮ ಅಷ್ಟೊಂದು ಹೂಂಗುಟ್ಟಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ದೊಡ್ಡಪ್ಪ ಎದ್ದು ಇಣುಕುವುದನ್ನು ಯಾವಾಗ ನಿಲ್ಲಿಸಿದರೋ, ಅವರಿಗೂ ಗೊತ್ತಾದ ಹಾಗೆ ಕಾಣಲಿಲ್ಲ.

ಕೊನೆಯದು ಬಲಗಡೆಯ ಮುಂದಿನ ಚಕ್ರ. ದೊಡ್ಡಪ್ಪನ ತಲೆಗೂ ದೊಡ್ಡಮ್ಮನ ಕಾಲಿಗೂ ನಡುವೆ ಒಂದು ತಗಡು ಮಾತ್ರ. ತಿರುಪು ಸಡಿಲಿಸಿದರು, ಎಣ್ಣೆ ಚಿಮ್ಮಿತು, ಎಣ್ಣೆಯಾದ ಕೈಯಿಂದ ಸ್ಪ್ಯಾನರು ಜಾರಿ ಎಗರಿ ನನ್ನ ಕಾಲ ಬಳಿ ಬಂದು ಬಿತ್ತು. ದೊಡ್ಡಪ್ಪ ತಿರುಪಿನ ಬಾಯಿಗೆ ಬೆರಳು ಅದುಮಿ ಹಿಡಿದರು.

"ಬಿಡಬೇಡ, ಬಿಡಬೇಡ. ಸ್ಪ್ಯಾನರ್ ಬಿತ್ತು. ಕಾಲು ಎತ್ತಿದ್ರೆ ಬೆಳಗಿಂದ ಮಾಡಿದ್ದೆಲ್ಲಾ ಹೋಯ್ತು."

"ಹಿಡ್ಕೊಂಡಿದೀನಿ" ಎಂದರು ದೊಡ್ಡಮ್ಮ. ಹಾಗೆಯೇ, "ರೀ, ಒಂದು ಮಾತು ಕೇಳ್ತೀನಿ" ಎಂದರು.

"ಈಗಲಾ?"

"ಈಗಲ್ದೆ ಇನ್ಯಾವಾಗ? ಬೇರೆ ಹೊತ್ತಲ್ಲಿ ಕೇಳಿದ್ರೆ ಎದ್ದು ಹೋಗ್ತೀರಿ."

ನಾನು ಸ್ಪ್ಯಾನರನ್ನು ಎತ್ತಿಕೊಂಡೆ. ಆದರೆ ಕೊಡಲಿಲ್ಲ, ಸೆರಗಿನ ಮರೆಯಲ್ಲಿ ಹಿಡಿದು ನಿಂತೆ. ಕೊಡಬಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನನ್ನ ತಮ್ಮ ಕೆಟ್ಟ ಬ್ರೇಕು ಕೊಟ್ಟಿದ್ನಾ?"

ಹೊರಗೆ ಚಾಚಿದ್ದ ದೊಡ್ಡಪ್ಪನ ಒಂದು ಕಾಲು ಮೆಲ್ಲಗೆ ಒಳಕ್ಕೆ ಸರಿಯಿತು.

"ಕಾಲು ನೋಯ್ತಾ ಇದೆ ಕಣ್ರೀ. ಬೇಗ ಹೇಳಿ."

"ಇಲ್ಲ" ಎಂದರು ದೊಡ್ಡಪ್ಪ.

"ಏನಿಲ್ಲ?"

"ಅವನು ಕೊಟ್ಟಿದ್ದು ಹೊಸದೇ. ಒಳಗೆಲ್ಲಾ ಹೊಸದೇ ಇತ್ತು. ಕೆಡಿಸಿದ್ದು ನಾನು. ಕಾರು ಬಂದ ಮೊದಲ್ನೇ ಭಾನುವಾರ, ಅವನು ಹಾಕ್ಸಿದ್ದ ಎಣ್ಣೆ ಶುದ್ಧ ಇದೆಯೋ ಇಲ್ವೋ ಅಂತ ಎಲ್ಲಾ ಬಸಿದು, ಒಳಗಡೆ ಸೀಮೆಎಣ್ಣೆ ಹೊಯ್ದು ತೊಳೆದು, ಬೇರೆ ಎಣ್ಣೆ ತುಂಬ್ದೆ. ಸೀಮೆಎಣ್ಣೆ ರಬ್ಬರಿಗೆ ಆಗ್ಬರಲ್ಲ. ಊದ್ಕೊಂಡು ಕೆಟ್ಟುಹೋಯ್ತು."

"ನಿಮ್ಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ಚಕ್ರ ಬಿಚ್ಚಿದಾಗ್ಲೇ ಅನುಮಾನ ಬಂತು. ನನ್ನ ಮೇಲೆ. ಅದಕ್ಕೇ ಒಂದು ರಬ್ಬರು ಸೀಮೆಎಣ್ಣೇಲಿ, ಒಂದು ಬ್ರೇಕಿನ ಎಣ್ಣೇಲಿ ಹಾಕಿಟ್ಟು ನೋಡ್ದೆ. ಸೀಮೆಎಣ್ಣೇದು ಊದ್ಕೊಳ್ತು."

ದೊಡ್ಡಮ್ಮ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ದನಿ ಏರಲಿಲ್ಲ. "ಹೊಸ ಬ್ರೇಕನ್ನ ಯಾಕ್ರೀ ಮುಟ್ಟೋಕೆ ಹೋದ್ರಿ?"

"ನೀನು ಕೂತ್ಕೊಳ್ಳೋ ಗಾಡಿ" ಎಂದರು ದೊಡ್ಡಪ್ಪ. "ಯಾರೋ ಮಾಡಿದ್ದು ಸರಿ ಇದೆ ಅಂತ ಹೇಗೆ ಬಿಡ್ಲಿ?"

ನಾನು ಬಗ್ಗಿ ಸ್ಪ್ಯಾನರನ್ನು ಅವರ ಕೈಗೆ ಕೊಟ್ಟೆ. ತಿರುಪು ಬಿಗಿದು "ಬಿಡು" ಎಂದರು. ದೊಡ್ಡಮ್ಮ ಬಿಡಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಕಾಲೆತ್ತಿದರು. ಸೆರಗು ಕಣ್ಣಿಗೆ ಒತ್ತಿಕೊಂಡು ಇಳಿದು ಒಳಗೆ ಹೋಗಿ, ಪೆಟ್ಟಿಗೆಯಿಂದ ಗೌರಿ ಹಬ್ಬದ ಸೀರೆಗಳನ್ನೆಲ್ಲ ತೆಗೆದು ಯಾವುದನ್ನು ಉಡಲಿ ಎಂದು ನನ್ನನ್ನು ಕೇಳಿದರು.

ಮಾರನೆಯ ಬೆಳಿಗ್ಗೆ ಬಿಳೇಕಹಳ್ಳಿ, ಹುಳಿಮಾವು ದಾಟಿ ಗೊಟ್ಟಿಗೆರೆ ತಲುಪಿದೆವು. ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು. ಸ್ವಲ್ಪ ಹೆಚ್ಚಾಗಿಯೇ, ಏಕೆಂದರೆ ದೊಡ್ಡಪ್ಪ ದಾರಿಯುದ್ದಕ್ಕೂ ಅದು ಇದೆಯೋ ಇಲ್ಲವೋ ಎಂದು ತುಳಿದು ನೋಡುತ್ತಿದ್ದರು. ಪ್ರತಿ ಸಲವೂ ನನ್ನ ಹಣೆ ಮುಂದಿನ ಸೀಟಿಗೆ ನಮಸ್ಕಾರ ಮಾಡುತ್ತಿತ್ತು. ಹೊಸ ಮನೆಯಲ್ಲಿ ದೊಡ್ಡಮ್ಮ ತಮ್ಮ ಕೊಟ್ಟ ಹಸಿರು ಸೀರೆ ಉಟ್ಟು ಹಾಲುಕ್ಕಿಸಿದರು. ಹಾಲು ಪೂರ್ವಕ್ಕೆ ಉಕ್ಕಿತು. ಮಾವ ಬಲಗಾಲಿಟ್ಟು ಒಳಗೆ ಬಂದು ಅಕ್ಕನ ಕಾಲಿಗೆ ಬಿದ್ದರು.

ಗಂಡಸರಿಗೆ ಕೊಡೆಂದು ಯಾರೋ ನನ್ನ ಕೈಗೆ ಪಾನಕದ ತಟ್ಟೆ ಕೊಟ್ಟು ಕಳಿಸಿದರು. ಮನೆಯ ಹಿಂದೆ ದ್ರಾಕ್ಷಿ ಚಪ್ಪರದ ಕೆಳಗೆ ದೊಡ್ಡಪ್ಪ ಮಾವನನ್ನು ನಿಲ್ಲಿಸಿಕೊಂಡಿದ್ದರು. ನಾನು ಬಂದಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ನಿನ್ನದೇನೂ ತಪ್ಪಿರಲಿಲ್ಲ ಕಣೋ" ಎನ್ನುತ್ತಿದ್ದರು ದೊಡ್ಡಪ್ಪ. "ಆ ಬ್ರೇಕನ್ನ ನಾನು..."

"ಗೊತ್ತು ಭಾವ."

"ಏನು ಗೊತ್ತು?"

"ಆವತ್ತು ಗಾಡಿ ನೋಡಿದಾಗ್ಲೇ ಸೀಮೆಎಣ್ಣೆ ವಾಸ್ನೆ ಬಂತು. ನೀವು ಎಣ್ಣೆ ಬದಲಾಯ್ಸಿದೀರಿ ಅಂತ ಗೊತ್ತಾಯ್ತು."

ದೊಡ್ಡಪ್ಪ ಅವರನ್ನೇ ದಿಟ್ಟಿಸಿದರು. "ಮತ್ತೆ ನಾನು ಅಷ್ಟೆಲ್ಲಾ ಅಂದಾಗ ಯಾಕೋ ಸುಮ್ನೆ ಎದ್ದು ಹೋದೆ?"

"ಅಕ್ಕ ಅಲ್ಲೇ ನಿಂತಿದ್ಲಲ್ಲ" ಎಂದರು ಮಾವ. "ನನ್ನ ಮೇಲೆ ಅವ್ಳಿಗೆ ಅನುಮಾನ ಬಂದ್ರೆ ತವರಿಗೆ ಬರಲ್ಲ, ಅಷ್ಟೇ. ನಿಮ್ಮ ಮೇಲೆ ಬಂದ್ರೆ ಅವ್ಳು ಯಾವ ಮನೇಲಿ ಬಾಳ್ಬೇಕು ಭಾವ?"

ದೊಡ್ಡಪ್ಪ ಕನ್ನಡಕ ತೆಗೆದರು. ಮಾವನ ಕೈ ಹಿಡಿದುಕೊಂಡರು. ಹಾಗೇ ಹಿಡಿದುಕೊಂಡು ನಿಂತಿದ್ದರು, ಬಿಡಲಿಲ್ಲ. ನಾನು ಪಾನಕವನ್ನು ಕೊಡದೆ ಹಾಗೆಯೇ ವಾಪಸು ತೆಗೆದುಕೊಂಡು ಬಂದೆ.

ಅಡಿಗೆ ಮನೆಯಲ್ಲಿ ದೊಡ್ಡಮ್ಮ ಉಕ್ಕಿಸಿದ ಹಾಲನ್ನು ಎಲ್ಲರಿಗೂ ಹಂಚುತ್ತಿದ್ದರು. ತಟ್ಟೆಯಲ್ಲಿ ತುಂಬಿದ ಲೋಟಗಳು ಹಾಗೆಯೇ ಇರುವುದನ್ನು ಕಂಡು, "ಯಾಕೆ, ನಿಮ್ಮ ದೊಡ್ಡಪ್ಪ ಎಲ್ಲಿ?" ಎಂದರು.

"ಹಿಂದ್ಗಡೆ ಮಾವನ ಹತ್ರ ಇದಾರೆ."

"ಮತ್ತೆ ಜಗಳಾನಾ?"

"ಇಲ್ಲ ದೊಡ್ಡಮ್ಮ."

ಅವರು ಹಾಲಿನ ಸೌಟನ್ನು ಕೆಳಗಿಟ್ಟು, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಜಗಳ ಅಲ್ದಿದ್ರೆ ನೀನ್ಯಾಕೆ ಅಳ್ತಾ ಇದೀಯ?"